ಬ್ಯಾಡಗಿ ಮೆಣಸಿನಕಾಯಿ ಹೊತ್ತು ಮುಂಬೈಗೆ ಬರುವ ಮುಂಚೆ

ಮಾಟುಂಗಾದ ಉಡುಪಿ ಹೋಟೆಲೊಂದರ ಸ್ಟೋರ್ ನೋಡಿಕೊಳ್ಳಲು ಶುರು ಮಾಡಿ ನನಗೆ 22 ವರ್ಷ ಆಯ್ತು. ಊರು ಹಾವೇರಿ ಕಡೆ. ರಜೆಗೆ ಹೋದಾಗೆಲ್ಲ ಹುಡುಗರದ್ದು ಒಂದೇ ಪ್ರಶ್ನೆ: "ಕಾಕಾ, ನಾವ್ಯಾಕ ನಮ್ಮ ಮೆಣಸಿನಕಾಯಿ ನೇರ ಮುಂಬೈಗೆ ಮಾರಬಾರ್ದು?" ಮಾರಬಹುದು. ಆದರೆ ಕಂಪನಿ ಮಾಡಿ, ಬೋರ್ಡ್ ಬರೆಸಿ, ಆಮೇಲೆ ಗಿರಾಕಿ ಹುಡುಕಬೇಡಿ.

ನಾಲ್ಕೈದು ಹೋಟೆಲು, ಒಂದೆರಡು ಮಸಾಲೆ ಗಿರಣಿ ಸಿಕ್ಕರೆ ಶುರುವಿಗೆ ಸಾಕು. ವಾಶಿ ಮಸಾಲೆ ಮಾರ್ಕೆಟ್ಟಿನ ಆವತ್ತಿನ ರೇಟು ಕೇಳಿಕೊಂಡು, ಎರಡು ಕಿಲೋ ಸ್ಯಾಂಪಲ್ ಹಿಡಿದು, ಮಧ್ಯಾಹ್ನ ಮೂರೂವರೆ ಮೇಲೆ ಬನ್ನಿ. ಊಟದ ಗದ್ದಲದಲ್ಲಿ ಬಂದರೆ ನಾನೇ ಮಾತಾಡಿಸುವುದಿಲ್ಲ. ತಿಂಗಳಿಗೆ ಎಷ್ಟು ಬೇಕು, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಎರಡನ್ನೂ ಬರೆದುಕೊಳ್ಳಿ. ಹೋಟೆಲಿನವರು ಉದ್ರಿ ಕೇಳುತ್ತಾರೆ. ನಾವೂ ಕೇಳುತ್ತೇವೆ, ಸುಳ್ಳು ಯಾಕೆ? ರೈತರು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೆ ಒಂದು ತಿಂಗಳ ಮಾಲಿನ ದುಡ್ಡು ಕೈಯಲ್ಲಿರಲಿ.

ಚೀಲ ಬಂದರೆ ಮೇಲಿನ ಕಾಯಿ ನಾನು ಮುಟ್ಟುವುದೇ ಇಲ್ಲ. ತೋಳಿನ ತನಕ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತೇನೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಹಿಂಡಿದರೆ ಕಾಯಿ ಕಾಯಿಗೆ ಅಂಟಬಾರದು. ಆಮೇಲೆ ಸೀಳಿ ಒಳಗೆ ಬೂಷ್ಟು ಇದೆಯಾ ನೋಡುತ್ತೇನೆ. ಬ್ಯಾಡಗಿ ಕೊಳ್ಳುವುದು ಖಾರಕ್ಕಿಂತ ಜಾಸ್ತಿ ಬಣ್ಣಕ್ಕೆ. ಅದರಲ್ಲೇ ಎರಡು ಬಗೆ: ದಪ್ಪನೆಯ ಡಬ್ಬಿ, ತೆಳ್ಳನೆಯ ಅಗ್ಗದ ಕಡ್ಡಿ. ಎರಡನ್ನೂ ಬೆರೆಸಿ ತಂದರೆ ಇಡೀ ಚೀಲಕ್ಕೆ ಕಡ್ಡಿಯ ರೇಟೇ.

ಮೊದಲ ಸಲ ಊರಿಂದ ಹತ್ತು ಚೀಲ ತರಿಸಿದ್ದೆ. ತೂಕ ಬರಲಿ ಅಂತ ಯಾರೋ ನೀರು ಚಿಮುಕಿಸಿದ್ದರು. ಜೂನ್ ಮಳೆ ಹಿಡಿದು ಎರಡು ವಾರಕ್ಕೆ ಆರು ಚೀಲ ಹಾಳು. ನಷ್ಟ ಹೋದದ್ದು ನನ್ನ ಸಂಬಳದಲ್ಲಿ. ಯಾರ ಚೀಲ ಯಾವುದು ಅಂತ ಕೊನೆಗೂ ಗೊತ್ತಾಗಲಿಲ್ಲ.

ಹಾಗಾಗಿ ಪ್ರತಿ ಚೀಲದ ಮೇಲೂ ರೈತನ ನಂಬರ್ ಬರೆಯಿರಿ. ಮಣ್ಣಿನ ಮೇಲೆ ಬೇಡ, ತಾಡಪತ್ರಿ ಮೇಲೆ ಒಣಗಿಸಿ. ತೇವ ಶೇ. 10-11ಕ್ಕೆ ಇಳಿಯಬೇಕು. ಅಳೆಯುವ ಮೀಟರ್ ಒಂದನ್ನು ಹತ್ತು ಮನೆಯವರು ಸೇರಿ ತಗೊಳ್ಳಿ. ಎಲ್ಲವನ್ನೂ ಒಮ್ಮೆಲೇ ಕಳಿಸಬೇಡಿ. ಬ್ಯಾಡಗಿಯಲ್ಲೇ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಿಂಗಳಿಗೆ ಬೇಕಾದಷ್ಟೇ ಕಳಿಸಿ. ಮುಂಬೈ ಮಳೆಗಾಲದಲ್ಲಿ ಡಬ್ಬದೊಳಗಿನ ಉಪ್ಪೇ ನೀರಾಗುತ್ತದೆ, ಅಲ್ವಾ?

ಹೀಗೆ ಒಂದು ವರ್ಷ ನಡೆದರೆ ಆಮೇಲೆ ಕಾಗದಪತ್ರ. ರೈತರೇ ಮಾಲೀಕರಾಗಿರುವ ಉತ್ಪಾದಕರ ಕಂಪನಿಗೆ 10 ರೈತರು ಸಾಕು. ಕೇಂದ್ರದ 2020ರ ಎಫ್‌ಪಿಒ (ರೈತ ಉತ್ಪಾದಕರ ಸಂಘಟನೆ) ಯೋಜನೆಯ ನೆರವಿಗೆ ಬಯಲು ಸೀಮೆಯಲ್ಲಿ 300 ಜನ ಬೇಕಿತ್ತು, ಈಗ ಹೇಗೆ ಅಂತ ಕೇಳಿಕೊಳ್ಳಿ. ಗೋದಾಮು ಕಟ್ಟುವುದಾದರೆ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯ ಸಾಲ ಈಗಲೂ ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ಅದರಲ್ಲಿ 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಇಟ್ಟಿದ್ದರು. ಪುಡಿ ಮಾಡಿ ಪ್ಯಾಕ್ ಮಾಡಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಬೇಕೇ ಬೇಕು. ಬ್ಯಾಡಗಿಗೆ 2011ರಲ್ಲಿ ಜಿಐ, ಅಂದರೆ ಇದು ಇಂಥ ಸೀಮೆಯದೇ ಮಾಲು ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ, ಆದರೆ ಆ ಗುರುತನ್ನು ಸುಮ್ನೆ ಅಚ್ಚು ಹಾಕಿಸುವಂತಿಲ್ಲ, ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು.

ಇನ್ನೊಂದು. ಸ್ಯಾಂಪಲ್ ತುಂಬುವಾಗ ಆರಿಸಿ ತುಂಬಬೇಡಿ. ಚೀಲದ ತಳದಿಂದಲೇ ತುಂಬಿ ತನ್ನಿ.