ಕೊಟೇಶನ್ ಗುರುತು ಎಣಿಸುವ ಕಷ್ಟ ತಪ್ಪಿಸಿದ ಫಾರ್ಮ್ಯಾಟ್ ಫಂಕ್ಷನ್

ನಾನು ನೋಡಿಕೊಳ್ಳುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಆರ್ಡರ್‌ಗಳ ಟೇಬಲ್‌ಗೆ ತಿಂಗಳಿಗೊಂದು ಪಾರ್ಟಿಷನ್, ಅಂದರೆ ಆ ತಿಂಗಳ ಸಾಲುಗಳಿಗೆ ಬೇರೆಯದೇ ಒಂದು ಭಾಗ ಇದೆ. ಅದನ್ನು ಮಾಡಿಕೊಡುವ ಹಳೆಯ ಫಂಕ್ಷನ್ ಕ್ವೆರಿಯನ್ನು (ಡೇಟಾಬೇಸ್‌ಗೆ ಕೊಡುವ ಆದೇಶವನ್ನು) ತುಂಡು ತುಂಡಾಗಿ, ಎರಡು ಪೈಪ್ ಗುರುತು (||) ಹಾಕಿ ಜೋಡಿಸುತ್ತಿತ್ತು. ಎಲ್ಲಿ ಕೊಟೇಶನ್ ಗುರುತು ಶುರು, ಎಲ್ಲಿ ಮುಗೀತು ಅಂತ ಎಣಿಸುವುದೇ ಒಂದು ಕೆಲಸ. ಅದಕ್ಕಿಂತ ಕೆಟ್ಟದ್ದು ನಲ್, ಅಂದರೆ ಏನೂ ತುಂಬಿರದ ಜಾಗ. ಹೀಗೆ ಜೋಡಿಸುವಾಗ ಒಂದು ತುಂಡು ನಲ್ ಆದರೂ ಸಾಕು, ಇಡೀ ಕ್ವೆರಿಯೇ ನಲ್.

ನಾನು ಅದನ್ನು ಫಾರ್ಮ್ಯಾಟ್ ಫಂಕ್ಷನ್‌ಗೆ ಬದಲಾಯಿಸಿದೆ. ಪೋಸ್ಟ್‌ಗ್ರೆಸ್ 9.1ರಿಂದಲೂ ಇದು ಇದೆ. ಮೊದಲು ಪೂರ್ತಿ ವಾಕ್ಯ ಬರೆಯಬೇಕು, ಬದಲಾಗುವ ಕಡೆ ಶೇಕಡಾ ಗುರುತು ಮತ್ತು ಒಂದು ಅಕ್ಷರ ಇಡಬೇಕು, ಆಮೇಲೆ ಅಲ್ಲಿ ತುಂಬಬೇಕಾದ ಬೆಲೆಗಳನ್ನು (ವ್ಯಾಲ್ಯೂಗಳನ್ನು) ಸಾಲಾಗಿ ಕೊಡಬೇಕು. ಈಗ ನನ್ನ ಸಾಲು ಹೀಗಿದೆ:

ಕ್ರಿಯೇಟ್ ಟೇಬಲ್ %ಐ ಪಾರ್ಟಿಷನ್ ಆಫ್ %ಐ ಫಾರ್ ವ್ಯಾಲ್ಯೂಸ್ ಫ್ರಮ್ (%ಎಲ್) ಟು (%ಎಲ್)

ಐ ಮತ್ತು ಎಲ್ ಇಂಗ್ಲಿಷ್‌ನ ದೊಡ್ಡ ಅಕ್ಷರಗಳು. ಓದಿದ ಕೂಡಲೇ ಏನಾಗುತ್ತೆ ಅಂತ ತಿಳಿಯುತ್ತೆ, ಅಲ್ವಾ? ತಾರೀಖು ಕೊಟ್ಟರೆ ಕೊನೆಯ ಭಾಗ ಫ್ರಮ್ ('2025-01-01') ಟು ('2025-02-01') ಅಂತ ಬರುತ್ತದೆ. ಕೊಟೇಶನ್ ಅದೇ ಹಾಕಿಕೊಂಡಿತು.

ಇಲ್ಲಿ ನಾನು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಜಾಗಕ್ಕೆ ಬರೋದು ಹೆಸರಾ, ಬೆಲೆಯಾ, ಸುಮ್ನೆ ಪಠ್ಯವಾ? ಟೇಬಲ್ ಅಥವಾ ಕಾಲಂ ಹೆಸರಾದರೆ %ಐ. ಹೆಸರಿನಲ್ಲಿ ದೊಡ್ಡಕ್ಷರ ಇದ್ದರೆ, ಅಥವಾ ಅದು 'ಆರ್ಡರ್' ತರಹದ ಕಾಯ್ದಿರಿಸಿದ ಪದವಾಗಿದ್ದರೆ, ಜೋಡಿ ಕೊಟೇಶನ್ ಹಾಕುತ್ತದೆ; ಬೇಡವಾದರೆ ಹಾಕುವುದಿಲ್ಲ. ಬೆಲೆಯಾದರೆ %ಎಲ್. ಒಳಗೆ ಒಂಟಿ ಕೊಟೇಶನ್ ಇದ್ದರೆ ಅದನ್ನು ಎರಡು ಮಾಡಿ, ಇಡೀ ಬೆಲೆಯನ್ನು ಸುತ್ತಿ ಕೊಡುತ್ತದೆ. ಸಣ್ಣ ಎಸ್ ಇರುವ %ಎಸ್ ಕೊಟ್ಟದ್ದನ್ನು ಹಾಗೇ ಅಂಟಿಸುತ್ತದೆ. ಬಳಕೆದಾರರು ಟೈಪ್ ಮಾಡಿದ ಯಾವುದನ್ನೂ ನಾನು %ಎಸ್ ಮೂಲಕ ಕ್ವೆರಿಯೊಳಗೆ ಬಿಡುವುದಿಲ್ಲ. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಹೊರಗಿನವರು ಕ್ವೆರಿಯೊಳಗೆ ತಮ್ಮ ಆದೇಶ ತೂರಿಸುವುದು, ನುಗ್ಗುವುದೇ ಆ ಬಾಗಿಲಿನಿಂದ. ಸಂದೇಶ, ಲಾಗ್ ಸಾಲು ಮಾಡೋಕೆ ಅದು ಚೆನ್ನಾಗಿದೆ.

ನಲ್ ಬಂದಾಗಲೂ ಮೂರೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. %ಎಸ್ ಖಾಲಿ ಬಿಡುತ್ತದೆ. %ಎಲ್ ಕೊಟೇಶನ್ ಇಲ್ಲದೆ ನಲ್ ಎಂದು ಬರೆಯುತ್ತದೆ. %ಐ ಎರರ್ ಕೊಟ್ಟು ನಿಲ್ಲುತ್ತದೆ, ನನಗೆ ಅದೇ ಇಷ್ಟ. %ಎಲ್ ಬಳಸಿ 'ವೇರ್' (ಯಾವ ಸಾಲು ಬೇಕೆಂಬ ಷರತ್ತು) ಬರೆಯುವಾಗ ಎಚ್ಚರ ಬೇಕು: ಕಾಲಂ ಸಮ ನಲ್ ಎಂಬ ಷರತ್ತಿಗೆ ಯಾವ ಸಾಲೂ ಸಿಗದು. ಅಂಥ ಕಡೆ ನಾನು, ನಲ್ ಅನ್ನೂ ಹೋಲಿಸಬಲ್ಲ 'ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್' ಹಾಕುತ್ತೇನೆ.

ಜನ ಜಾಸ್ತಿ ಸಿಕ್ಕಿಬೀಳುವುದು ಸ್ಕೀಮಾ (ಟೇಬಲ್‌ಗಳನ್ನು ಗುಂಪು ಮಾಡಿಡುವ ವಿಭಾಗ) ಹೆಸರಿನಲ್ಲಿ. ಸ್ಕೀಮಾ, ಚುಕ್ಕಿ, ಟೇಬಲ್ ಮೂರನ್ನೂ ಒಂದೇ ಪಠ್ಯವಾಗಿ %ಐಗೆ ಕೊಟ್ಟರೆ, ಚುಕ್ಕಿ ಸಮೇತ ಅದನ್ನೊಂದೇ ಹೆಸರು ಅಂದುಕೊಂಡು ಕೊಟೇಶನ್ ಸುತ್ತಿಬಿಡುತ್ತದೆ. ಆಮೇಲೆ ಆ ಟೇಬಲ್ ಇಲ್ಲ ಅನ್ನುತ್ತದೆ. %ಐ.%ಐ ಎಂದು ಬರೆದು ಎರಡನ್ನೂ ಬೇರೆ ಬೇರೆ ಕೊಡಬೇಕು. ಟೇಬಲ್ ಆಗಲೇ ಇದ್ದರೆ ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟನ್ನೇ ರೆಗ್‌ಕ್ಲಾಸ್ (ಇರುವ ಟೇಬಲನ್ನು ಗುರುತಿಸುವ ಡೇಟಾ ಟೈಪ್) ಮಾಡಿ %ಎಸ್ ಬಳಸಬಹುದು. ರೆಗ್‌ಕ್ಲಾಸ್ ಪಠ್ಯವಾಗುವಾಗ ಬೇಕಾದ ಕೊಟೇಶನ್ ತಾನೇ ಹಾಕಿಕೊಳ್ಳುತ್ತದೆ.

ಸಿ ಭಾಷೆಯಿಂದ ಬಂದವರು ಸಂಖ್ಯೆಗೆ %ಡಿ ಬರೆಯುತ್ತಾರೆ. ಇಲ್ಲಿ ಅದು ಎರರ್; ದಶಮಾಂಶ ಬೇಕಿದ್ದರೆ, ಸಂಖ್ಯೆಯನ್ನು ಬೇಕಾದ ರೂಪದ ಪಠ್ಯ ಮಾಡಿಕೊಡುವ ಟು_ಚಾರ್ ಬಳಸಿ. ಶೇಕಡಾ ಗುರುತೇ ಬೇಕಿದ್ದರೆ ಎರಡು ಸಲ, %% ಎಂದು ಬರೆಯಬೇಕು. ಹುಡುಕಲು ಶೇಕಡಾ ಗುರುತನ್ನೇ ಬಳಸುವ 'ಲೈಕ್' ಇರುವ ಕ್ವೆರಿಯಲ್ಲಿ ಇದು ಮರೆತುಹೋಗುವುದು ಸುಲಭ. ಬೆಲೆ ಕಡಿಮೆ ಕೊಟ್ಟರೆ ಎರರ್ ಬರುತ್ತದೆ, ಹೆಚ್ಚು ಕೊಟ್ಟರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಆದರೆ ಬೆಲೆಗೆ %ಎಲ್ ಕೂಡ ಬೇಡ. ಹೆಸರಿಗೆ ಮಾತ್ರ %ಐ ಇಟ್ಟು, ಬೆಲೆಯ ಜಾಗಕ್ಕೆ $1 ಬರೆದು, ಕ್ವೆರಿ ಓಡಿಸುವ ಎಕ್ಸಿಕ್ಯೂಟ್ ಜೊತೆ 'ಯೂಸಿಂಗ್'ನಲ್ಲಿ ಕೊಡುತ್ತೇನೆ. ಆಗ ಬೆಲೆ ಪಠ್ಯವಾಗಿ ಬದಲಾಗುವುದೇ ಇಲ್ಲ. ಕ್ರಿಯೇಟ್ ಟೇಬಲ್‌ನಂಥ ಆದೇಶಗಳಿಗೆ ಈ ದಾರಿ ಇಲ್ಲ. ಅದಕ್ಕೇ ನನ್ನ ಪಾರ್ಟಿಷನ್ ಸಾಲಿನಲ್ಲಿ %ಎಲ್ ಉಳಿದಿದೆ.

ಓಡಿಸುವ ಮೊದಲು ತಯಾರಾದ ಕ್ವೆರಿಯನ್ನು, ಸಂದೇಶ ತೋರಿಸುವ 'ರೈಸ್ ನೋಟಿಸ್' ಹಾಕಿ ಕಣ್ಣಾರೆ ನೋಡುತ್ತೇನೆ. ಅಲ್ಲಿ ಬರೀ % ಸಾಕು. ಅಭ್ಯಾಸಬಲದಿಂದ %ಎಸ್ ಬರೆದರೆ ಕ್ವೆರಿಯ ಬಾಲಕ್ಕೆ ಒಂದು ಎಸ್ ಅಂಟಿಕೊಂಡು ಅಚ್ಚಾಗುತ್ತದೆ. ಅದು ಕಂಡರೆ ತಪ್ಪು ನೋಟಿಸ್ ಸಾಲಿನಲ್ಲಿದೆ, ಕ್ವೆರಿಯಲ್ಲಲ್ಲ.