ಇಂಗ್ಲೆಂಡಿನಲ್ಲಿ ಹೆರಿಗೆ: ಬೆಚ್ಚನೆ ನೀರಿನ ಪೂಲ್ ಬೇಕಿದ್ದರೆ

ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ತೊಡಕಿಲ್ಲದ ಹೆರಿಗೆ ಮಾಡಿಸುವವರು ಮಿಡ್‌ವೈಫ್‌ಗಳು, ಅಂದರೆ ತರಬೇತಾದ ಸೂಲಗಿತ್ತಿಯರು. ಡಾಕ್ಟರು ಬರುವುದು ತೊಡಕು ಕಂಡಾಗ. ಬೇನೆಯ ಹೊತ್ತಿನಲ್ಲಿ ನೋವು ತಗ್ಗಲೆಂದು ಇಳಿದು ಕೂರುವ ಪೂಲ್ (ದೊಡ್ಡ ನೀರಿನ ತೊಟ್ಟಿ) ನೋಡಿಕೊಳ್ಳುವವರೂ ಮಿಡ್‌ವೈಫ್‌ಗಳೇ. ಬೇನೆ ಶುರುವಾದ ಮೇಲೆ ಕೇಳಿದರೆ ಸಿಗದೇ ಹೋಗಬಹುದು. ಬರ್ತ್ ಪ್ಲಾನ್ (ಹೆರಿಗೆ ಹೇಗಾಗಬೇಕೆಂಬ ನಿಮ್ಮ ಇಷ್ಟಗಳ ಪಟ್ಟಿ) ಮಾತಾಡುವಾಗಲೇ ಬರೆಸಿಡಿ. ಎಷ್ಟು ಪೂಲ್ ಇವೆ, ಖಾಲಿ ಇಲ್ಲದಿದ್ದರೆ ಏನು ಮಾಡುತ್ತಾರೆ ಎಂದೂ ಕೇಳಿ. ದುಭಾಷಿ ಬೇಕಿದ್ದರೆ ಮೊದಲೇ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ನಮ್ಮವರಲ್ಲಿ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚು. ಹಾಗಾಗಿ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಪರೀಕ್ಷೆಗೆ ಕರೆಯುತ್ತಾರೆ, ತಪ್ಪಿಸಬೇಡಿ. ಇನ್ಸುಲಿನ್ ಶುರುವಾದರೆ ಮಗುವಿನ ಎದೆಬಡಿತವನ್ನು ಬಿಡದೆ ನೋಡಬೇಕಾಗಬಹುದು. ಅಷ್ಟಕ್ಕೇ ಪೂಲ್ ಆಸೆ ಬಿಡಬೇಡಿ: ನೀರಿನಲ್ಲೂ ನಡೆಯುವ ವೈರ್‌ಲೆಸ್ ಯಂತ್ರ ಕೆಲವು ಆಸ್ಪತ್ರೆಗಳಲ್ಲಿದೆ.

ನೀರಿನ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಊರಿನಿಂದ ಬಂದ ಅಮ್ಮನೋ ಅತ್ತೆಯೋ ಬಾಣಂತಿಗೆ ಹಂಡೆ ನೀರು ಹೊಯ್ದ ಅಭ್ಯಾಸದಲ್ಲಿ "ಇನ್ನೊಂಚೂರು ಬಿಸಿ ಬಿಡಿಸು" ಎಂದರೆ ದಯವಿಟ್ಟು ಒಪ್ಪಬೇಡಿ. ತಾಯಿಯ ಮೈ ಕಾದರೆ ಒಳಗಿನ ಮಗುವಿಗೆ ಆ ಶಾಖ ಹೊರಹಾಕಲು ದಾರಿಯಿಲ್ಲ, ಎದೆಬಡಿತ ಏರುತ್ತದೆ. ಅದಕ್ಕೇ ಮಿಡ್‌ವೈಫ್ ಗಂಟೆಗೊಮ್ಮೆ ನೀರಿನ ಬಿಸಿಯನ್ನೂ ನಿಮ್ಮ ಜ್ವರವನ್ನೂ ನೋಡುತ್ತಾರೆ. ಕುಡಿಯುವ ನೀರು ಕೈಗೆಟಕುವಂತಿರಲಿ. ಹೊಟ್ಟೆ ಪೂರ್ತಿ ಮುಳುಗಬೇಕು, ಮೈ ಹಗುರಾಗುವುದು ಆಗಲೇ. ಟೀ ಶರ್ಟ್ ಹಾಕಿಕೊಂಡೇ ಇಳಿಯಬಹುದು.

ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆಯುವ ಮುಂಚೆ ಇಳಿದರೆ ಕೆಲವರಿಗೆ ಬೇನೆ ನಿಧಾನವಾಗುತ್ತದೆ. ಆಗ ಎದ್ದು ಓಡಾಡಲು ಹೇಳುತ್ತಾರೆ. ನೋವು ತಗ್ಗಿಸುವ ಗ್ಯಾಸ್ ಅಂಡ್ ಏರ್ (ಉಸಿರಿನಲ್ಲಿ ಎಳೆಯುವ ಅನಿಲ) ಅನ್ನು ನೀರಿನಲ್ಲೇ ಎಳೆದುಕೊಳ್ಳಬಹುದು. ನೋವಿನ ಇಂಜೆಕ್ಷನ್ ಪೆಥಿಡಿನ್ ಚುಚ್ಚಿಸಿಕೊಂಡರೆ 2 ಗಂಟೆ ಇಳಿಯುವಂತಿಲ್ಲ, ಆಮೇಲೂ ಮಂಪರಿದ್ದರೆ ಇಲ್ಲ. ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವಿನ ಮದ್ದು) ಬೇಕೆನಿಸಿದರೆ ಪೂಲ್ ಬಿಡಬೇಕು. ರಕ್ತ ಹೆಚ್ಚು ಹೋದರೆ, ಜ್ವರ ಬಂದರೆ, ಮಗುವಿನ ಎದೆಬಡಿತ ಏರುಪೇರಾದರೆ ಮೇಲೇಳಲು ಹೇಳುತ್ತಾರೆ. ಕಾರಣವನ್ನು ಆಮೇಲೆ ಕೇಳಿ, ಮೊದಲು ಎದ್ದುಬಿಡಿ.

ಮನೆಯಲ್ಲೇ ಪೂಲ್ ಇಡುವುದಾದರೆ 600 ಲೀಟರ್ ನೀರೆಂದರೆ 600 ಕಿಲೋ ತೂಕ. ಮಹಡಿಯ ನೆಲ ತಡೆಯುತ್ತದೆಯೇ ವಿಚಾರಿಸಿ. ಹಿಂದಿನ ದಿನವೇ ತುಂಬಿಸಿ ಹೀಟರ್ ಹಾಕಿಡಬೇಡಿ. 2014ರಲ್ಲಿ ಅಂಥ ಪೂಲ್‌ನಿಂದ ಹಸುಗೂಸಿಗೆ ಲೀಜನೇರ್ಸ್ ಕಾಯಿಲೆ (ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸಕೋಶದ ಸೋಂಕು) ಬಂದ ಮೇಲೆ ಸರ್ಕಾರವೇ ಬೇಡವೆಂದಿದೆ. ಬೇನೆ ಶುರುವಾದ ಮೇಲೆ ನಲ್ಲಿಯಿಂದ ತುಂಬಿಸಿ.

ನೀರಿನಲ್ಲೇ ಹೆರುವುದಾದರೆ ಮಗು ಪೂರ್ತಿ ಹೊರಬರುವ ತನಕ ಸೊಂಟ ಮೇಲೆತ್ತಬೇಡಿ. ಮಗುವಿನ ತಲೆಗೆ ಗಾಳಿ ಸೋಕಿದ ಮೇಲೆ ಅದು ಮತ್ತೆ ಮುಳುಗಬಾರದು. ಮಗುವನ್ನು ಮೇಲೆತ್ತುವಾಗ ಹೊಕ್ಕುಳಬಳ್ಳಿ ಜಗ್ಗದಂತೆ ನಿಧಾನಿಸಿ, ಗಿಡ್ಡವಿದ್ದರೆ ಕಿತ್ತುಹೋಗಬಹುದು. ಮಾಸು ಬೀಳಲು ಇಂಜೆಕ್ಷನ್ ತೆಗೆದುಕೊಳ್ಳುವುದಾದರೆ ಪೂಲ್‌ನಿಂದ ಹೊರಬರಬೇಕಾಗುತ್ತದೆ.