ಡೋಪಿಂಗ್ ಮಾಡಿದ ಸೈಕಲ್ ಸವಾರನನ್ನು ಜೈಲಿಗೆ ಹಾಕಬೇಕಾ? ತೀರ್ಪು ಕೊಡುವ ಮೊದಲು ಹೀಗೆ ನೋಡಿ

ಜುಲೈ ಬಂತು ಅಂದ್ರೆ ನಮ್ಮ ಗೆಳೆಯರ ಗುಂಪಿನಲ್ಲಿ ಇದೊಂದು ಜಗಳ ಖಾಯಂ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡುತ್ತಾ ಕೂತಿರುತ್ತೇವೆ. ಯಾರೋ ಒಬ್ಬ ಬೆಟ್ಟ ಹತ್ತುವಾಗ ಮಿಕ್ಕವರನ್ನೆಲ್ಲ ಹಿಂದೆ ಬಿಟ್ಟು ಹೋಗುತ್ತಾನೆ. ತಕ್ಷಣ ಒಂದು ದನಿ ಬರುತ್ತದೆ: "ಇವನೂ ಏನೋ ಚುಚ್ಚಿಸಿಕೊಂಡಿದ್ದಾನೆ ಬಿಡು, ಇಂಥವರನ್ನ ಒಳಗೆ ಹಾಕಬೇಕು." ನಾನೂ ಒಂದು ಕಾಲಕ್ಕೆ ಹಾಗೇ ಹೇಳುತ್ತಿದ್ದೆ. ಈಗ ಹೇಳೋದಿಲ್ಲ. ಹಾಗಂತ ಪೊಲೀಸರಿಗೆ ಇಲ್ಲೇನು ಕೆಲಸ ಅನ್ನುವವನೂ ಅಲ್ಲ. ಹಳೆಯ ಪ್ರಕರಣಗಳನ್ನು ಒಂದೊಂದಾಗಿ ಓದುತ್ತಾ ಹೋದಂತೆ ನನ್ನ ತಲೆಯಲ್ಲಿ ಕೆಲವು ಪ್ರಶ್ನೆಗಳು ಒಂದು ಕ್ರಮಕ್ಕೆ ಬಂದವು. ಮುಂದಿನ ಸಲ ಇಂಥ ಸುದ್ದಿ ಕಂಡಾಗ ನೀವೂ ಅದೇ ಕ್ರಮದಲ್ಲಿ ಕೇಳಿ ನೋಡಿ.

ಮೊದಲು, ಮುರಿದಿದ್ದು ಆಟದ ನಿಯಮವೋ ದೇಶದ ಕಾನೂನೋ ಅಂತ ಬೇರೆ ಮಾಡಿಕೊಳ್ಳಿ. ಮೂತ್ರದಲ್ಲಿ ಉದ್ದೀಪನ ಮದ್ದು ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲ ಕಡೆ ಪೊಲೀಸ್ ಕೇಸ್ ಆಗೋದಿಲ್ಲ. ವಾಡಾ, ಅಂದರೆ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆಯ ನಿಯಮದ ಪ್ರಕಾರ ಬೇಕಂತಲೇ ತೆಗೆದುಕೊಂಡಿದ್ದರೆ ಸಾಮಾನ್ಯವಾಗಿ 4 ವರ್ಷ ನಿಷೇಧ, ಗೆದ್ದಿದ್ದು ವಾಪಸ್, ಅಷ್ಟೇ. ಠಾಣೆ, ಜಾಮೀನು ಯಾವುದೂ ಇಲ್ಲ. ಕಾನೂನು ಮಾತ್ರ ದೇಶಕ್ಕೊಂದು. ಇಟಲಿ 2000ನೇ ಇಸವಿಯಲ್ಲೇ ಡೋಪಿಂಗನ್ನು ಅಪರಾಧ ಮಾಡಿತು, 3 ತಿಂಗಳಿಂದ 3 ವರ್ಷದವರೆಗೆ ಜೈಲು. ಜರ್ಮನಿ 2015ರ ಕಾನೂನಿನಲ್ಲಿ ಮದ್ದು ತೆಗೆದುಕೊಂಡ ಮೇಲ್ಮಟ್ಟದ ಆಟಗಾರನನ್ನೂ ಸೇರಿಸಿತು. ಅಮೆರಿಕ 2020ರ ಕೊನೆಗೆ ಒಂದು ಕಾನೂನು ತಂದಿತು, ಮದ್ದು ಹೊಂದಿಸುವವರಿಗೆ 10 ವರ್ಷದವರೆಗೆ ಜೈಲು, ಆದರೆ ಆಟಗಾರರನ್ನು ಬೇಕಂತಲೇ ಹೊರಗಿಟ್ಟಿತು. ಅಂದರೆ ಅದೇ ಸೂಜಿ, ಅದೇ ತೋಳು, ಗಡಿ ದಾಟಿದರೆ ಬೇರೆ ಕಥೆ.

ಕಾನೂನು ಬಂದರೆ ಹೆದರುತ್ತಾರೆ ಅನ್ನುವವರಿಗೆ ಹಳೆಯ ಒಂದು ಲೆಕ್ಕ ಹೇಳಿ. ಫ್ರಾನ್ಸ್ 1965ರಲ್ಲೇ ಉದ್ದೀಪನ ಮದ್ದಿನ ವಿರುದ್ಧ ಕಾನೂನು ಮಾಡಿತು. 1966ರ ಟೂರ್‌ನಲ್ಲಿ ಬೋರ್ಡೋ ಊರಿನಲ್ಲಿ ಮೊದಲ ಪರೀಕ್ಷೆ ನಡೆಯಿತು, ಮರುದಿನ ಸವಾರರು ಸಿಟ್ಟಿನಿಂದ ಸೈಕಲ್ ಇಳಿದು ನಡೆದರು. ಅದರ ಮರುವರ್ಷ, 1967ರ ಜುಲೈ 13ರಂದು, ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ಮೋಂ ವಾಂಟೂ ಬೆಟ್ಟದ ಬಿಸಿಲಿನಲ್ಲಿ ಕುಸಿದು ಸತ್ತ. ಅವನ ದೇಹದಲ್ಲಿ ಆಂಫೆಟಮಿನ್ ಅನ್ನುವ ಉದ್ದೀಪನ ಮದ್ದು ಇತ್ತು, ಅಂಗಿಯ ಜೇಬಿನಲ್ಲೂ ಮಾತ್ರೆಯ ಟ್ಯೂಬುಗಳಿದ್ದವು. ಕಾನೂನಿಗೆ ಆಗ 2 ವರ್ಷ ತುಂಬಿತ್ತು.

ಎರಡನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ, ಇಲ್ಲಿ ಸ್ವಲ್ಪ ನಿಧಾನ ಮಾಡೋಣ: ಸಿಕ್ಕಿಬಿದ್ದಿದ್ದು ಹೇಗೆ? ಲ್ಯಾಬಿನಲ್ಲೋ, ಪೊಲೀಸರ ಕೈಯಲ್ಲೋ?

1998ರ ಜುಲೈ 8. ಫೆಸ್ಟಿನಾ ಅನ್ನುವ ಸೈಕಲ್ ತಂಡದ ಮಸಾಜ್ ಮಾಡುವವ ವಿಲ್ಲಿ ವೂಟ್ ಬೆಲ್ಜಿಯಂ ಕಡೆಯಿಂದ ತಂಡದ ಕಾರಿನಲ್ಲಿ ಫ್ರಾನ್ಸಿಗೆ ಬರುತ್ತಿದ್ದ. ಗಡಿಯಲ್ಲಿ ಕಸ್ಟಮ್ಸ್‌ನವರು ನಿಲ್ಲಿಸಿದರು. ಕಾರಿನಲ್ಲಿ 400ಕ್ಕೂ ಹೆಚ್ಚು ಸೀಸೆ: ಇಪಿಒ, ಬೆಳವಣಿಗೆಯ ಹಾರ್ಮೋನು, ಟೆಸ್ಟೋಸ್ಟೆರಾನ್. ಇಪಿಒ ಅಂದರೆ ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ಔಷಧ, ಕಿಡ್ನಿ ಕೆಟ್ಟವರಿಗೆ ಕೊಡುವಂಥದ್ದು. ಆಗ ಅದನ್ನು ಹಿಡಿಯುವ ಪರೀಕ್ಷೆಯೇ ಇರಲಿಲ್ಲ! ರಕ್ತದಲ್ಲಿ ಕೆಂಪು ಕಣದ ಪಾಲು 50% ದಾಟಿದರೆ ಆರೋಗ್ಯದ ನೆಪದಲ್ಲಿ ಕೆಲವು ದಿನ ಮನೆಗೆ ಕಳಿಸುತ್ತಿದ್ದರು, ಹಾಗಾಗಿ ತಂಡದ ಡಾಕ್ಟರು 50ರ ಕೆಳಗೆ ನಿಲ್ಲಿಸುವುದನ್ನೇ ಕಲಿತಿದ್ದರು. ಕಸ್ಟಮ್ಸ್‌ನವರು ಆ ಕಾರನ್ನು ಸುಮ್ನೆ ಬಿಟ್ಟಿದ್ದರೆ ಆ ವರ್ಷ ಎಲ್ಲರೂ "ಪರೀಕ್ಷೆಯಲ್ಲಿ ಪಾಸ್".

2006ರ ಮೇನಲ್ಲಿ ಸ್ಪೇನಿನಲ್ಲಿ ಇನ್ನೊಂದು. ಮ್ಯಾಡ್ರಿಡ್‌ನಲ್ಲಿ ಡಾಕ್ಟರ್ ಎಯುಫೆಮಿಯಾನೋ ಫುಯೆಂತೆಸ್ ಫ್ರಿಜ್ಜಿನಲ್ಲಿಟ್ಟಿದ್ದ ರಕ್ತದ ಚೀಲಗಳನ್ನು ಪೊಲೀಸರು ಹಿಡಿದರು, 200ಕ್ಕೂ ಜಾಸ್ತಿ. ಆಟಗಾರನದೇ ರಕ್ತ ತೆಗೆದಿಟ್ಟು ರೇಸ್ ಹೊತ್ತಿಗೆ ಮತ್ತೆ ಏರಿಸಿದರೆ ಕೆಂಪು ಕಣ ಹೆಚ್ಚುತ್ತದೆ, ದಣಿವು ತಡವಾಗುತ್ತದೆ. ಚೀಲದ ಮೇಲೆ ಹೆಸರಿಲ್ಲ, ಅಡ್ಡಹೆಸರು. ದೊಡ್ಡ ಹೆಸರಿನ ಸವಾರರಾದ ಯಾನ್ ಉಲ್ರಿಚ್, ಇವಾನ್ ಬಾಸ್ಸೋ ಆ ವರ್ಷದ ಟೂರ್ ಶುರುವಾಗುವ ಮೊದಲೇ ಮನೆಗೆ ಹೋಗಬೇಕಾಯಿತು. ಒಂದು ಚೀಲದ ಮೇಲೆ ಸ್ಪೇನಿನ ಸವಾರ ಅಲೆಹಾಂದ್ರೋ ವಾಲ್ವೆರ್ದೆಯ ಗುರುತಿದೆ ಅಂತ ಇಟಲಿಯವರಿಗೆ ಅನುಮಾನ. 2008ರಲ್ಲಿ ಟೂರ್ ಒಂದು ದಿನ ಇಟಲಿಯ ನೆಲಕ್ಕೆ ಬಂತು, ಅಲ್ಲೇ ಅವನ ರಕ್ತ ತೆಗೆದುಕೊಂಡರು, ಡಿಎನ್‌ಎ ಹೊಂದಿತು, ನಿಷೇಧ ಬಿತ್ತು. ಇದನ್ನು ಓದಿದ ದಿನ ನಾನು ಟೀ ಆರಿಸಿಕೊಂಡು ಕೂತಿದ್ದೆ.

2019ರದ್ದೂ ಹಾಗೇ. ಜರ್ಮನಿಯ ಎರ್ಫರ್ಟ್ ಊರಿನ ಡಾಕ್ಟರ್ ಮಾರ್ಕ್ ಶ್ಮಿಟ್ ಹಿಮ ಸ್ಕೀ ಆಟಗಾರರಿಗೂ ಸೈಕಲ್ ಸವಾರರಿಗೂ ರಕ್ತ ತೆಗೆದು, ಇಟ್ಟು, ಮತ್ತೆ ಏರಿಸುತ್ತಿದ್ದ. ಆಸ್ಟ್ರಿಯಾದಲ್ಲಿ ಪೊಲೀಸರು ಬಾಗಿಲು ತೆಗೆದಾಗ ಒಬ್ಬ ಸ್ಕೀ ಆಟಗಾರನ ತೋಳಿನಲ್ಲಿ ಸೂಜಿ ಇನ್ನೂ ಇತ್ತು. ಶ್ಮಿಟ್‌ಗೆ 2021ರಲ್ಲಿ ಮ್ಯೂನಿಕ್ ಕೋರ್ಟು 4 ವರ್ಷ 10 ತಿಂಗಳು ಜೈಲು ಹಾಕಿತು. ನನ್ನ ಪ್ರಕಾರ ಕಾನೂನು ತನ್ನ ಕೆಲಸ ಸರಿಯಾಗಿ ಮಾಡಿದ್ದು ಅಂದರೆ ಇಲ್ಲಿ.

ಮೂರೂ ಕಡೆ ಬಾಗಿಲು ತೆಗೆಸಿದ್ದು ಲ್ಯಾಬ್ ಅಲ್ಲ. ಕಾರಿನ ಡಿಕ್ಕಿ ತೆಗೆಸುವುದು, ಫೋನ್ ಕದ್ದು ಕೇಳುವುದು, ಫ್ರಿಜ್ಜು ಜಫ್ತಿ ಮಾಡುವುದು ಸೈಕಲ್ ಫೆಡರೇಷನ್ ಕೈಲಿ ಆಗೋದಿಲ್ಲ. ಅದಕ್ಕೆ ಪೊಲೀಸರೇ ಬೇಕು, ಪೊಲೀಸರು ಬರಬೇಕಾದರೆ ಅಪರಾಧ ಅಂತ ಏನಾದರೂ ಪುಸ್ತಕದಲ್ಲಿ ಇರಬೇಕು. ಸ್ಪೇನಿನಲ್ಲಿ ಡೋಪಿಂಗ್‌ಗೆ ಅಂತಲೇ ಇರುವ ಕ್ರಿಮಿನಲ್ ಕಾನೂನು ಇರಲಿಲ್ಲ, ಅದು ಬಂದಿದ್ದು ದಾಳಿಯಾದ ಮೇಲೆ. ಹಾಗಾಗಿ ಫುಯೆಂತೆಸ್ ಮೇಲೆ "ಸಾರ್ವಜನಿಕ ಆರೋಗ್ಯಕ್ಕೆ ಅಪಾಯ" ಅನ್ನುವ ಕೇಸ್ ಹಾಕಿದರು. 2013ರಲ್ಲಿ ಒಂದು ವರ್ಷದ ಶಿಕ್ಷೆ, ಜೊತೆಗೆ ರಕ್ತದ ಚೀಲಗಳನ್ನು ನಾಶ ಮಾಡಿ ಅಂತ ಆದೇಶ. 2016ರಲ್ಲಿ ಮೇಲಿನ ಕೋರ್ಟು ಅವನನ್ನು ಬಿಟ್ಟೇಬಿಟ್ಟಿತು, ಚೀಲಗಳನ್ನು ಮಾತ್ರ ಡೋಪಿಂಗ್ ತಡೆಯುವ ಸಂಸ್ಥೆಗಳಿಗೆ ಕೊಡಿ ಅಂದಿತು. ಅಷ್ಟು ಹೊತ್ತಿಗೆ 10 ವರ್ಷ ಕಳೆದು, ಶಿಕ್ಷೆ ಕೊಡುವ ಗಡುವೇ ಮುಗಿದಿತ್ತು.

ಮೂರನೇದು, ಸುದ್ದಿಯಲ್ಲಿ ಎಷ್ಟು ಕೈಗಳಿವೆ ಅಂತ ಎಣಿಸಿ. ತಯಾರಿಸಿದವನು, ತಂದವನು, ಬರೆದುಕೊಟ್ಟ ಡಾಕ್ಟರ್, ದುಡ್ಡು ಕೊಟ್ಟ ಮ್ಯಾನೇಜರ್, ಚುಚ್ಚಿದವನು, ಕೊನೆಗೆ ಚುಚ್ಚಿಸಿಕೊಂಡವನು. ನಮ್ಮ ಕಣ್ಣಿಗೆ ಬೀಳೋದು ಕೊನೆಯವನು ಮಾತ್ರ, ಯಾಕಂದ್ರೆ ಟಿವಿಯಲ್ಲಿ ಕಾಣೋದು ಅವನೇ. ಫೆಸ್ಟಿನಾ ಕೇಸಿನಲ್ಲಿ ಲಿಯೋನ್ ಪೊಲೀಸರು ಸವಾರರನ್ನು ರಾತ್ರಿ ಲಾಕಪ್ಪಿನಲ್ಲಿ ಇಟ್ಟರು. ಅದನ್ನು ನೋಡಿ ಉಳಿದ ತಂಡಗಳು ರಸ್ತೆಯಲ್ಲೇ ಕೂತು ಮುಷ್ಕರ ಮಾಡಿದವು. ಎರಡು ವರ್ಷ ಬಿಟ್ಟು ಲೀಲ್ ಊರಿನ ಕೋರ್ಟಿನಲ್ಲಿ ಆ ತಂಡದ ಸವಾರ ರಿಷಾರ್ ವಿರಾಂಕ್ ಕೊನೆಗೂ ಒಪ್ಪಿಕೊಂಡ, ಆದರೆ ಕೋರ್ಟು ಅವನನ್ನು ಬಿಟ್ಟಿತು. ವೂಟ್‌ಗೂ ಮ್ಯಾನೇಜರ್ ಬ್ರೂನೋ ರೂಸೆಲ್‌ಗೂ ಶಿಕ್ಷೆ ಆಯಿತು, ಅದೂ ಅಮಾನತಿನಲ್ಲಿಟ್ಟ ಶಿಕ್ಷೆ. ಸವಾರನಿಗೆ ಜೈಲಿನ ಭಯ ಇದ್ದರೆ ಅವನು ಬಾಯಿ ಬಿಡೋದಿಲ್ಲ. ಅವನು ಬಾಯಿ ಬಿಡದೆ ಡಾಕ್ಟರ್ ಸಿಗೋದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಸವಾರ ಸಾಕ್ಷಿ ಕಟ್ಟೆಯಲ್ಲಿ ಇರಬೇಕು, ಆರೋಪಿಯ ಕಟಕಟೆಯಲ್ಲಿ ಅಲ್ಲ. ಅವನೇ ಬೇರೆಯವರಿಗೆ ಮದ್ದು ಮಾರಿದ್ದರೆ, ಕಿರಿಯರಿಗೆ ಒತ್ತಾಯ ಮಾಡಿ ಚುಚ್ಚಿಸಿದ್ದರೆ, ಆಗ ಈ ಮಾತು ಅನ್ವಯಿಸೋದಿಲ್ಲ.

ನಾಲ್ಕನೇದು, ಸಾಕ್ಷ್ಯ ತೂಗಿ ನೋಡಿ. 2010ರ ಟೂರ್ ಗೆದ್ದ ಆಲ್ಬೆರ್ತೋ ಕೊಂತಾದೋರ್ ಮೂತ್ರದಲ್ಲಿ ಕ್ಲೆನ್‌ಬ್ಯುಟೆರಾಲ್ ಅನ್ನುವ ನಿಷೇಧಿತ ಮದ್ದು ಸಿಕ್ಕಿತು, ಒಂದು ಮಿಲಿಲೀಟರಿಗೆ 50 ಪೈಕೋಗ್ರಾಂ. ಒಂದು ಪೈಕೋಗ್ರಾಂ ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಅವನು ತಿಂದ ದನದ ಮಾಂಸದಿಂದ ಬಂತು ಅಂದ. ಕ್ರೀಡಾ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಬೇಕಂತ ಮಾಡಿದ ಅಂತಲೂ ಹೇಳಲಿಲ್ಲ, ಕಲಬೆರಕೆಯಾದ ಪೌಷ್ಟಿಕ ಪುಡಿಯಿಂದ ಬಂದಿರೋ ಸಾಧ್ಯತೆಯೇ ಹೆಚ್ಚು ಅಂದಿತು. ಆದರೂ 2 ವರ್ಷ ನಿಷೇಧ, ಟೂರ್ ವಾಪಸ್. ಆಟದ ನಿಯಮದಲ್ಲಿ ಇದು ನಡೆಯುತ್ತದೆ, ಯಾಕಂದ್ರೆ ನಿನ್ನ ದೇಹದಲ್ಲಿ ಸಿಕ್ಕರೆ ಹೊಣೆ ನಿನ್ನದೇ. ಆದರೆ ಇದೇ ಕಾಗದ ಕ್ರಿಮಿನಲ್ ಕೋರ್ಟಿಗೆ ಹೋದರೆ ವಕೀಲರು ಮೊದಲ ದಿನವೇ ಸಂಶಯದ ಲಾಭ ಕೇಳುತ್ತಾರೆ, ಕೇಳಲೇಬೇಕು ಅಲ್ವಾ? ಎರಡು ತಕ್ಕಡಿ ಬೇರೆ ಬೇರೆ. ಒಂದರಲ್ಲಿ ತೂಗಿದ್ದನ್ನು ಇನ್ನೊಂದಕ್ಕೆ ಹಾಕಬೇಡಿ.

ಇನ್ನು ದುಡ್ಡು. ಇದೊಂದು ಚಿಕ್ಕ ವಿಷಯ, ಆದರೆ ಜಗಳದಲ್ಲಿ ಯಾವಾಗಲೂ ಬರುತ್ತದೆ: "ಮೋಸ ಮಾಡಿ ಕೋಟಿ ಹೊಡೆದ, ಅದು ಫೋರ್ ಟ್ವೆಂಟಿ ಅಲ್ವಾ?" ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವನ ಮೇಲಿನ ಕ್ರಿಮಿನಲ್ ತನಿಖೆಯನ್ನು ಅಮೆರಿಕದ ಸರ್ಕಾರಿ ವಕೀಲರು 2012ರ ಫೆಬ್ರವರಿಯಲ್ಲಿ ಆರೋಪ ಹೊರಿಸದೇ ಮುಚ್ಚಿದರು. ಅದೇ ವರ್ಷ ಅಮೆರಿಕದ ಡೋಪಿಂಗ್ ತಡೆಯುವ ಸಂಸ್ಥೆ ಜೊತೆಗಾರ ಸವಾರರ ಹೇಳಿಕೆ ಕೂಡಿಸಿಕೊಂಡು ಅವನು ಗೆದ್ದ 7 ಟೂರ್ ಪಟ್ಟ ಕಿತ್ತುಕೊಂಡಿತು. ಅವನ ತಂಡವನ್ನು ಪ್ರಾಯೋಜಿಸಿದ್ದು ಅಮೆರಿಕದ ಅಂಚೆ ಇಲಾಖೆ, ಅಂದರೆ ಸರ್ಕಾರಿ ದುಡ್ಡು. ಅದಕ್ಕೆ ಸಿವಿಲ್ ದಾವೆ ನಡೆದು 2018ರಲ್ಲಿ 50 ಲಕ್ಷ ಡಾಲರ್ ಕೊಟ್ಟು ರಾಜಿಯಾದ. ಜೈಲಿಗೆ ಹೋಗಲಿಲ್ಲ, ಜೇಬಿಗೆ ಮಾತ್ರ ಕತ್ತರಿ ಬಿತ್ತು. ಮೋಸಕ್ಕೆ ಇರುವ ಕಾನೂನೇ ಸಾಲುವ ಕಡೆ ಹೊಸದನ್ನು ಕೇಳಬೇಡಿ.

ಕೊನೆಗೆ ನಮ್ಮ ಕಡೆ ತಿರುಗಿ ನೋಡಿ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಎಷ್ಟು ಹುಚ್ಚು ಅಂತ ಗೊತ್ತಿದ್ದವರಿಗೆ ಗೊತ್ತು. ಆ ಕಡೆಯ ಹುಡುಗರು ಹುಡುಗಿಯರು ರಾಷ್ಟ್ರೀಯ ಕೂಟಗಳಿಗೆ ಹೋದರೆ ನಾಡಾ, ಅಂದರೆ ನಮ್ಮ ದೇಶದ ಡೋಪಿಂಗ್ ತಡೆಯುವ ಸಂಸ್ಥೆಯ ಪರೀಕ್ಷೆಗೆ ಸಿಗಬಹುದು. 2022ರಲ್ಲಿ ನಮ್ಮಲ್ಲೂ ಡೋಪಿಂಗ್ ತಡೆಗೆ ಕಾನೂನು ಬಂತು, ಮದ್ದು ಸಿಕ್ಕಿದ ಆಟಗಾರನನ್ನು ಅದು ಜೈಲಿಗೆ ಕಳಿಸೋದಿಲ್ಲ, ನಿಷೇಧ ಮಾತ್ರ. ಇದು ನನಗೆ ಸರಿ ಅನ್ನಿಸುತ್ತದೆ. ಚೀಟಿ ಇಲ್ಲದೆ ಕೊಡಬಾರದ ಔಷಧ ಮಾರಿದವನನ್ನು ಹಿಡಿಯೋಕೆ 1940ರ ಔಷಧ ಕಾಯ್ದೆ ಹೇಗೂ ಇದೆ. ಹಾಗಾಗಿ ಮುಂದೆ ಎಲ್ಲಾದರೂ "ಸೈಕ್ಲಿಸ್ಟ್‌ಗೆ ನಿಷೇಧ" ಅನ್ನುವ ಸುದ್ದಿ ಕಂಡರೆ ಪೂರ್ತಿ ಓದಿ. ಆ ಇಂಜೆಕ್ಷನ್ ಅಥವಾ ಪುಡಿಯ ಡಬ್ಬಿ ಯಾರು ತಂದುಕೊಟ್ಟರು, ಯಾವ ಅಂಗಡಿಯದು ಅಂತ ಯಾರಾದರೂ ಕೇಳಿದ್ದಾರಾ ಅಂತ ಹುಡುಕಿ. ನಾನು ಪ್ರತಿ ಸಲ ಹುಡುಕುತ್ತೇನೆ, ಹೆಚ್ಚಿನ ಸಲ ಆ ಸಾಲು ಇರೋದೇ ಇಲ್ಲ.